ಬೇರೆ ಕೈಬರಹದ ಕಾಗದ

(ನರ್ಸಿಂಗ್ ವಿದ್ಯಾರ್ಥಿನಿಯರ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ನಮ್ಮ ಹಿಂದಿನವರು ಕಾಗದ ಬರೆಯಲು ಕುಳಿತರೆ ಮೊದಲ ಸಾಲು ‘ಉಭಯ ಕುಶಲೋಪರಿ ಸಾಂಪ್ರತ’. ಇಲ್ಲಿ ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಅದರ ತಾತ್ಪರ್ಯ. ಆದರೆ ಒಂದು ಕಡೆಯ ಕ್ಷೇಮವೇ ಮುಗಿದುಹೋಗಿದ್ದರೆ? ಮುಖವನ್ನೇ ಕಾಣದ ತಾಯಿಯೊಬ್ಬಳಿಗೆ, ನಿಮ್ಮ ಮಗ ಇನ್ನಿಲ್ಲ ಎಂದು ಬರೆಯಬೇಕಾದರೆ ಕಾಗದವನ್ನು ಹೇಗೆ ಆರಂಭಿಸುವುದು? ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ದಾದಿಯರು ದಿನವೂ ಎದುರಿಸಿದ ಪ್ರಶ್ನೆ ಇದು.

ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವೆ 1861ರಿಂದ 1865ರವರೆಗೆ ನಡೆದ ಈ ಯುದ್ಧದಲ್ಲಿ ಸತ್ತವರು 6 ಲಕ್ಷ 20 ಸಾವಿರ ಎಂಬುದು ಬಹುಕಾಲ ಒಪ್ಪಿಕೊಂಡಿದ್ದ ಲೆಕ್ಕ. ಇನ್ನೂ ಹೆಚ್ಚೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಗುಂಡೇಟಿಗಿಂತ ವಿಷಮಶೀತಜ್ವರ, ಆಮಶಂಕೆಗಳಿಗೆ ಬಲಿಯಾದವರೇ ಹೆಚ್ಚು. ಅಷ್ಟು ಜನ ಸತ್ತರೂ ಮನೆಯವರಿಗೆ ಸುದ್ದಿ ಮುಟ್ಟಿಸುವ ಸರಿಯಾದ ಏರ್ಪಾಡು ಎರಡೂ ಸೈನ್ಯಗಳಲ್ಲಿ ಇರಲಿಲ್ಲ. ಸೈನಿಕರ ಕೊರಳಲ್ಲಿ ಇಂದಿನಂತೆ ಗುರುತಿನ ಬಿಲ್ಲೆಯೂ ಇರಲಿಲ್ಲ. ಕೆಲವರು ಕಾಗದದ ಚೂರಿನಲ್ಲಿ ತಮ್ಮ ಹೆಸರು ಬರೆದು ಕೋಟಿಗೆ ಚುಚ್ಚಿಕೊಂಡು ಕಾಳಗಕ್ಕೆ ಇಳಿಯುತ್ತಿದ್ದರು. ಪತ್ರಿಕೆಗಳಲ್ಲಿ ಬರುತ್ತಿದ್ದ ಪಟ್ಟಿಗಳಲ್ಲಿ ತಪ್ಪುಗಳಿದ್ದವು. ರಣರಂಗದಲ್ಲಿ ಸತ್ತವನ ಮನೆಗೆ ಜೊತೆಗಾರನೋ ಅಧಿಕಾರಿಯೋ ಬರೆದರೆ ಉಂಟು. ಆಸ್ಪತ್ರೆಯಲ್ಲಿ ಸತ್ತವನ ಪಾಲಿಗೆ ಇದ್ದವಳು ದಾದಿ.

ಕೊನೆಗಾಲದಲ್ಲಿ ಬಾಯಿಗೆ ನೀರು ಬಿಡಲು ತನ್ನವರು ಹತ್ತಿರ ಇರಬೇಕೆಂಬ ಆಸೆ ನಮ್ಮಲ್ಲಿ ಇಲ್ಲವೆ? ಅಲ್ಲಿಯೂ ಅದೇ ಆಸೆ. ತನ್ನ ಮನೆಯಲ್ಲಿ, ತನ್ನವರ ನಡುವೆ, ದೇವರನ್ನು ನೆನೆಯುತ್ತ ಸಾಯುವುದೇ ಒಳ್ಳೆಯ ಸಾವು. ಕೊನೆಯ ಮಾತಿಗೆ ವಿಶೇಷ ಬೆಲೆ. ಯುದ್ಧ ಇದನ್ನೆಲ್ಲ ಕಿತ್ತುಕೊಂಡಿತು. ಹಾಗಾಗಿ ದೂರದ ಮನೆಯವರ ಪ್ರಶ್ನೆಗಳು ಒಂದೇ ಬಗೆಯವು. ಹತ್ತಿರ ಯಾರಿದ್ದರು? ನಮ್ಮನ್ನು ನೆನೆದನೆ? ಪ್ರಾರ್ಥನೆ ಮಾಡಿದನೆ? ಎಲ್ಲಿ ಮಣ್ಣು ಮಾಡಿದಿರಿ? ಇಂಥ ನೂರಾರು ಪತ್ರಗಳನ್ನು ಓದಿದ ಇತಿಹಾಸಕಾರ್ತಿ ಡ್ರೂ ಗಿಲ್ಪಿನ್ ಫೌಸ್ಟ್, ಉತ್ತರದವರಾಗಲಿ ದಕ್ಷಿಣದವರಾಗಲಿ ಒಂದೇ ಮಾದರಿಯಲ್ಲಿ ಬರೆಯುತ್ತಿದ್ದರೆಂದು ಗುರುತಿಸಿದ್ದಾರೆ. ಆ ಪ್ರಶ್ನೆಗಳಿಗೆ ಉತ್ತರವೇ ಆ ಮಾದರಿ.

‘ಲಿಟಲ್ ವಿಮೆನ್’ ಕಾದಂಬರಿಯ ಲೇಖಕಿ ಲೂಯಿಸಾ ಮೇ ಆಲ್ಕಾಟ್ 1862ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ಬಳಿಯ ಜಾರ್ಜ್‌ಟೌನ್‌ನಲ್ಲಿ ದಾದಿಯಾಗಿ ಸೇರಿದಳು. ಹಳೆಯ ಹೋಟೆಲೊಂದನ್ನೇ ಆಸ್ಪತ್ರೆ ಮಾಡಿದ್ದರು. ಕೆಲವೇ ವಾರಗಳಲ್ಲಿ ಅವಳೇ ಜ್ವರ ಹಿಡಿದು ಮನೆಗೆ ಮರಳಬೇಕಾಯಿತು. ಆ ಅನುಭವವನ್ನು 1863ರಲ್ಲಿ ‘ಹಾಸ್ಪಿಟಲ್ ಸ್ಕೆಚಸ್’ ಎಂಬ ಪುಸ್ತಕವಾಗಿಸಿದಳು. ಅದರಲ್ಲಿ ಜಾನ್ ಎಂಬ ಕಮ್ಮಾರ ಬರುತ್ತಾನೆ. ಎದೆಯೊಳಗೆ ಗುಂಡು ಹೊಕ್ಕಿದೆ, ಬದುಕುವ ಆಸೆಯಿಲ್ಲ. ಅದನ್ನು ಅವನಿಗೆ ತಿಳಿಸುವ ಕೆಲಸವನ್ನು ವೈದ್ಯರು ಅವಳಿಗೇ ಬಿಟ್ಟರು. ಇಂಥ ಕೆಲಸ ಹೆಂಗಸರಿಗೆ ಚೆನ್ನಾಗಿ ಬರುತ್ತದಂತೆ! ಜಾನ್ ಹೇಳಿದಂತೆ ಅವಳು ಮನೆಗೆ ಕಾಗದ ಬರೆದಳು. ತಾಯಿಗಲ್ಲ, ತಮ್ಮನ ಹೆಸರಿಗೆ. ತಾಯಿಗೆ ಸುದ್ದಿಯನ್ನು ಮೆಲ್ಲನೆ ತಿಳಿಸಬಲ್ಲವನು ತಮ್ಮನೆಂದು ಜಾನ್‌ನ ನಂಬಿಕೆ. ಮನೆಯಿಂದ ಉತ್ತರ ಬಂದಾಗ ಅವನು ಪ್ರಾಣ ಬಿಟ್ಟು ಒಂದು ಗಂಟೆಯಾಗಿತ್ತು. ಅವಳು ತಾಯಿಗೆಂದು ಅವನ ಕೂದಲ ಎಳೆಗಳನ್ನು ಕತ್ತರಿಸಿಕೊಂಡು, ಉಂಗುರ ಬಿಚ್ಚಿ ಇಟ್ಟುಕೊಂಡು, ಆ ಕಾಗದವನ್ನು ಅವನ ಕೈಯಲ್ಲೇ ಇಟ್ಟಳು.

ಇಲ್ಲೊಂದು ಕಷ್ಟದ ಪ್ರಶ್ನೆ ಇದೆ. ನೋವು, ನರಳಾಟ, ಕೊಳೆತ ಗಾಯದ ವಾಸನೆ ಇವನ್ನೆಲ್ಲ ಬರೆಯಬೇಕೆ? ಹೆಚ್ಚಿನವರು ಬರೆಯಲಿಲ್ಲ. ಶಾಂತನಾಗಿ ಹೋದ ಎಂದರು. ಇದು ಸುಳ್ಳಲ್ಲವೆ ಎಂದು ನೀವು ಕೇಳಬಹುದು. ಕೆಲವು ಕಡೆ ಸುಳ್ಳೇ ಇದ್ದೀತು. ಆದರೆ ಆ ಕಾಗದದ ಜೀವ ಇದ್ದದ್ದು ಕಂಡದ್ದನ್ನು ಹೇಳುವುದರಲ್ಲಿ. ಅವನು ಅನಾಥನಾಗಿ ಸಾಯಲಿಲ್ಲ, ನಾನು ಪಕ್ಕದಲ್ಲಿದ್ದೆ ಎಂಬ ಮಾತು ಹೊಗಳಿಕೆಯೂ ಅಲ್ಲ, ಉಪದೇಶವೂ ಅಲ್ಲ. ಅದು ಸಾಕ್ಷ್ಯ.

ಕವಿ ವಾಲ್ಟ್ ವಿಟ್ಮನ್ ಕೂಡ ವಾಷಿಂಗ್ಟನ್ನಿನ ಆಸ್ಪತ್ರೆಗಳಲ್ಲಿ ಮಂಚದಿಂದ ಮಂಚಕ್ಕೆ ಹೋಗಿ ಸೈನಿಕರ ಪರವಾಗಿ ಕಾಗದ ಬರೆದವನು. ಅವನದೊಂದು ಕವಿತೆಯಲ್ಲಿ ಮಗನ ಹೆಸರಿನಲ್ಲಿ ಬಂದ ಕಾಗದವನ್ನು ತಾಯಿ ಬಿಡಿಸುತ್ತಾಳೆ. ಬರಹ ಮಗನದಲ್ಲ. ಓದುವ ಮೊದಲೇ ಅವಳ ಎದೆ ನಡುಗುತ್ತದೆ. ತಂತಿ ಬಂತೆಂದರೆ ಒಡೆದು ನೋಡುವ ಮೊದಲೇ ಅಳು ಶುರುವಾಗುತ್ತಿದ್ದ ನಮ್ಮ ಮನೆಗಳಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಾಗದವೇ ಬಾರದ ಮನೆಗಳ ಗತಿ? ಯುದ್ಧದಲ್ಲಿ ಶುಶ್ರೂಷೆ ಮಾಡಿದ್ದ ಕ್ಲಾರಾ ಬಾರ್ಟನ್ 1865ರಲ್ಲಿ ಕಾಣೆಯಾದ ಸೈನಿಕರನ್ನು ಹುಡುಕುವ ಕಚೇರಿ ತೆರೆದಳು. 1868ರೊಳಗೆ ಅಲ್ಲಿಗೆ 63 ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. 22 ಸಾವಿರಕ್ಕೂ ಹೆಚ್ಚು ಜನರ ಗತಿ ಏನಾಯಿತೆಂದು ಪತ್ತೆಯಾಯಿತು. ಅಮೆರಿಕದ ಸೈನ್ಯ ಗುರುತಿನ ಬಿಲ್ಲೆಯನ್ನು ಜಾರಿಗೆ ತಂದದ್ದು 1906ರಲ್ಲಿ. ಸರ್ಕಾರ ಹೊರಬೇಕಾದ ಹೊಣೆಯನ್ನು ಅಲ್ಲಿಯವರೆಗೆ ಹೊತ್ತವರಲ್ಲಿ ದಿನದ ಕೆಲಸ ಮುಗಿಸಿ ದೀಪದ ಬೆಳಕಿನಲ್ಲಿ ಬರೆಯುತ್ತಿದ್ದ ಈ ಹೆಂಗಸರೂ ಇದ್ದರು.

ವಿದ್ಯಾರ್ಥಿನಿಯರೆ, ಇಂದು ಸುದ್ದಿ ಕ್ಷಣದಲ್ಲಿ ಮುಟ್ಟುತ್ತದೆ. ಮರಣದ ವೇಳೆ, ಕಾರಣ ಎಲ್ಲವೂ ದಾಖಲೆಯಲ್ಲಿ ಸಿಗುತ್ತದೆ. ಆದರೂ ಬಾಗಿಲ ಬಳಿ ನಿಂತ ಮನೆಯವರು ನಿಮ್ಮನ್ನು ಕೇಳುವುದು ದಾಖಲೆಯಲ್ಲಿ ಇಲ್ಲದ್ದನ್ನು. ‘ಸಿಸ್ಟರ್, ಕೊನೆಗೆ ಏನಾದರೂ ಹೇಳಿದರಾ?’ ಆಗ ಒಂದು ನಿಮಿಷ ನಿಂತು, ಕಂಡದ್ದನ್ನು ಹೇಳಿ. ಅದೂ ನಿಮ್ಮ ಕೆಲಸವೇ.