ಹಲ್ಲು ಬಾರದ ಮಗು



ಮಗುವಿಗೆ ಹಲ್ಲು ಬರೋದು ತಡವಾದರೆ ಮನೆಯಲ್ಲಿ ಮಾತು ಶುರುವಾಗುತ್ತೆ. "ಬಸುರಿಯಲ್ಲಿ ಗ್ರಹಣ ನೋಡಿದಳು" ಅಂತಾರೆ. "ತಾಯಿಯದೇ ದೋಷ" ಅಂತಾರೆ. ಎಷ್ಟೋ ಮಕ್ಕಳಿಗೆ ಹಲ್ಲು ತಡವಾಗಿ ಬರುತ್ತೆ, ಅಷ್ಟೆ. ಆದರೆ ಕೆಲವು ಮಕ್ಕಳಿಗೆ ಬರೋದೇ ನಾಲ್ಕಾರು ಹಲ್ಲು. ಅವೂ ಮೊಳೆಯ ಹಾಗೆ ಚೂಪು. ತಲೆಕೂದಲು ತೆಳು. ಮೈ ಸರಿಯಾಗಿ ಬೆವರುವುದಿಲ್ಲ.

ಇದು ಹೊಸದಲ್ಲ. ಇಂಗ್ಲೆಂಡಿನ ವಿಜ್ಞಾನಿ ಚಾರ್ಲ್ಸ್ ಡಾರ್ವಿನ್ 1875ರಲ್ಲಿ ಸಿಂಧ್ ಪ್ರಾಂತ್ಯದ ಒಂದು ಹಿಂದೂ ಮನೆತನದ ಸಂಗತಿ ಬರೆದರು. ಸಿಂಧ್ ಈಗ ಪಾಕಿಸ್ತಾನದಲ್ಲಿದೆ. ಆ ಮನೆತನದ ನಾಲ್ಕು ತಲೆಮಾರಿನಲ್ಲಿ 10 ಗಂಡಸರಿಗೆ ಹೀಗಿತ್ತು. ಬಾಯಲ್ಲಿ ಒಟ್ಟು 12 ಹಲ್ಲು. ಬೇಸಿಗೆ ಬಂತೆಂದರೆ ಚರ್ಮ ಒಣಗಿ ಸಂಕಟ. ಹೆಣ್ಣುಮಕ್ಕಳಿಗೆ ಯಾರಿಗೂ ಇರಲಿಲ್ಲ. ಆದರೆ ಅವರು ಹೆತ್ತ ಗಂಡುಮಕ್ಕಳಲ್ಲಿ ಮತ್ತೆ ಕಾಣಿಸಿತು! ತಂದೆಯಿಂದ ಮಗನಿಗೆ ಒಮ್ಮೆಯೂ ಬರಲಿಲ್ಲ.

ಯಾಕೆ ಹೀಗೆ? ನಮ್ಮ ಮೈಯೊಳಗೆ ವಂಶವಾಹಿಗಳಿವೆ. ಹಲ್ಲು ಹೀಗೆ ಮೂಡಲಿ, ಕೂದಲು ಹೀಗೆ ಬೆಳೆಯಲಿ ಅಂತ ಬರೆದಿಟ್ಟ ಚೀಟಿ ಇದ್ದ ಹಾಗೆ. ಈ ಚೀಟಿ ಹೆಣ್ಣಿಗೆ ಎರಡು. ತಾಯಿಯದೊಂದು, ತಂದೆಯದೊಂದು. ಒಂದು ಕೆಟ್ಟರೂ ಇನ್ನೊಂದು ಕೆಲಸ ನಡೆಸುತ್ತೆ. ಆದರೂ ಕೆಲವೊಮ್ಮೆ ಆಕೆಗೂ ಕೆಲವು ಹಲ್ಲು ಇರಲಿಕ್ಕಿಲ್ಲ. ಗಂಡಿಗೆ ತಾಯಿಯಿಂದ ಬಂದ ಚೀಟಿ ಒಂದೇ. ಅದು ಕೆಟ್ಟಿದ್ದರೆ ಬೇರೆ ದಾರಿ ಇಲ್ಲ. ಅಂಥ ತಾಯಿಗೆ ಹುಟ್ಟುವ ಪ್ರತಿ ಗಂಡುಮಗುವಿಗೂ ಇದು ಬರುವ ಸಂಭವ ಅರ್ಧಕ್ಕರ್ಧ. ಈ ವಂಶವಾಹಿ ಯಾವುದೆಂದು 1996ರಲ್ಲಿ ಗುರುತಿಸಿದರು.

"ಹಾಗಾದ್ರೆ ತಾಯಿಯದೇ ತಪ್ಪಲ್ಲವಾ?" ಅಂತ ಯಾರಾದರೂ ಕೇಳಬಹುದು. ಆಕೆ ಬೇಕು ಅಂತ ಕೊಟ್ಟಳೇ? ಆಕೆಗೂ ಅದು ಹುಟ್ಟಿನಿಂದ ಬಂದದ್ದು. ತನ್ನ ತಾಯಿಯಿಂದ ಬಂದಿರಬಹುದು, ತಂದೆಯಿಂದಲೂ ಬಂದಿರಬಹುದು. ಕೆಲವು ಸಲ ಮನೆತನದಲ್ಲಿ ಯಾರಿಗೂ ಇಲ್ಲದೆ ಮಗುವಿನಲ್ಲೇ ಹೊಸದಾಗಿ ಶುರುವಾಗುತ್ತೆ. ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ.

ಹಲ್ಲಿಗಿಂತ ಬೆವರಿನ ಮಾತು ದೊಡ್ಡದು. ಬೆವರದ ಮೈ ತಂಪಾಗುವುದಿಲ್ಲ. ಬಿಸಿಲಿಗೆ ಮೈ ಕಾದು ಕೂಸಿನ ಜೀವಕ್ಕೇ ಅಪಾಯ ಆಗಬಹುದು. ಹೊಲಕ್ಕೆ ಕರಕೊಂಡು ಹೋದರೆ ನೆರಳಲ್ಲೇ ಇಡಿ. ಒದ್ದೆ ಬಟ್ಟೆಯಿಂದ ಮೈ ಒರೆಸಿ. ಆಗಾಗ ಹಾಲೂಡಿಸಿ. ದೊಡ್ಡ ಮಗುವಾದರೆ ನೀರು ಕುಡಿಸಿ. ಮೈ ಸುಡುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಓಡಿ.

ಹಲ್ಲಿಗೂ ದಾರಿ ಇದೆ. ಹಲ್ಲಿನ ಡಾಕ್ಟರು ಮೂರು ವರ್ಷದ ಮಗುವಿಗೂ ಹಲ್ಲಿನ ಸೆಟ್ಟು ಕೂರಿಸಬಲ್ಲರು. ಮಗು ಬೆಳೆದ ಹಾಗೆ ಅದನ್ನು ಬದಲಿಸಬೇಕು. ಆಮೇಲೆ ಅದೂ ಎಲ್ಲರ ಜೊತೆ ಕೂತು ರೊಟ್ಟಿ ತಿನ್ನುತ್ತೆ.