ಹಳೆಯ ವಾಲ್ವ್ ಆಂಪ್ಲಿಫೈಯರಿನ ಜೀರ್ಣೋದ್ಧಾರ



ಗಿಟಾರಿನ ಆಂಪ್ಲಿಫೈಯರಿಗೂ ಕನ್ನಡ ಕೂಟಕ್ಕೂ ಏನು ನಂಟು ಎಂದು ಹಿರಿಯರು ಕೇಳಬಹುದು. ನಂಟು ನಮ್ಮ ಮಕ್ಕಳಿಂದ ಬಂದಿದೆ. ವೀಣೆಯ ಪಾಠಕ್ಕೆ ಹೋಗುತ್ತಿದ್ದ ಹುಡುಗ ಎಲೆಕ್ಟ್ರಿಕ್ ಗಿಟಾರ್ ಹಿಡಿಯುತ್ತಾನೆ. ಮುಂದೊಂದು ದಿನ ಗರಾಜ್ ಸೇಲಿನಿಂದ ಅರವತ್ತರ ದಶಕದ ಆಂಪ್ಲಿಫೈಯರೊಂದನ್ನು ಹೊತ್ತು ತರುತ್ತಾನೆ. ಅದನ್ನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಮುನ್ನ ತಿಳಿಯಬೇಕಾದುದನ್ನು ಇಂದು ನಿವೇದಿಸುತ್ತೇನೆ.

ಅಮೆರಿಕದವರು ಟ್ಯೂಬ್ ಎನ್ನುವುದನ್ನು ನಮ್ಮೂರಿನಲ್ಲಿ ವಾಲ್ವ್ ಎನ್ನುತ್ತಿದ್ದೆವು. ಗುಂಡಿ ತಿರುಗಿಸಿ, ರೇಡಿಯೋ ಕಾದು ದನಿ ಹೊರಡುವವರೆಗೆ ಕಾಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಗೆ ತೊಡಗಿತ್ತು. ಟ್ರಾನ್ಸಿಸ್ಟರ್ ಬಂದು ರೇಡಿಯೋಗಳಿಂದ ಅವನ್ನು ಹೊರಗಟ್ಟಿತು. ಗಿಟಾರ್ ವಾದಕರು ಮಾತ್ರ ಬಿಟ್ಟುಕೊಡಲಿಲ್ಲ. ಶಕ್ತಿ ಮೀರಿ ದುಡಿಸಿದಾಗ ವಾಲ್ವಿನಿಂದ ಹೊರಡುವ ಒರಟು ಮಾಧುರ್ಯ ಅವರಿಗೆ ಬೇಕು.

ಈ ಮೇಜಿನ ಮೇಲಿರುವುದು ಫೆಂಡರ್ ಕಂಪನಿಯ 'ಡಿಲಕ್ಸ್ ರಿವರ್ಬ್'. ಲಿಯೋ ಫೆಂಡರ್ ಕ್ಯಾಲಿಫೋರ್ನಿಯದ ಫುಲರ್ಟನ್ನಿನಲ್ಲಿ ಕಟ್ಟಿದ ಆ ಕಂಪನಿಯನ್ನು 1965ರಲ್ಲಿ ಸಿ.ಬಿ.ಎಸ್. ಕೊಂಡಿತು. ಒಳಗೆ ಪ್ರಿಂಟೆಡ್ ಸರ್ಕ್ಯೂಟ್ ಇಲ್ಲ. ರಟ್ಟಿನಂಥ ಫೈಬರ್ ಹಲಗೆಯ ಮೇಲೆ ಕೈಯಿಂದ ಬೆಸೆದ ಬಿಡಿಭಾಗಗಳು. ಮನೆಯಲ್ಲಿ ಇದರ ದುರಸ್ತಿ ಸಾಧ್ಯವಾಗುವುದು ಅದರಿಂದಲೇ.

ಆದರೆ ಇದರೊಳಗೆ 400 ವೋಲ್ಟಿಗೂ ಮೀರಿದ ನೇರ ವಿದ್ಯುತ್ತಿದೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪ್ಯಾಸಿಟರುಗಳು ಆ ಶಕ್ತಿಯನ್ನು ಹಿಡಿದಿಟ್ಟುಕೊಂಡಿರಬಲ್ಲವು. ಕೊಲ್ಲಲು ಅದು ಸಾಕು. 100 ಕಿಲೋ ಓಮಿನ, ಐದು ವಾಟಿನ ರೆಸಿಸ್ಟರೊಂದನ್ನು ಇನ್ಸುಲೇಟೆಡ್ ಕ್ಲಿಪ್ಪುಗಳಿಂದ ಪ್ರತಿಯೊಂದು ಕೆಪ್ಯಾಸಿಟರಿಗೂ ಅಡ್ಡಲಾಗಿ ಹಿಡಿದು ಬರಿದು ಮಾಡಬೇಕು. ಬರಿದಾಯಿತೆಂದು ಊಹಿಸದೆ ಮೀಟರಿನಿಂದ ಅಳೆಯಬೇಕು. ಅಳೆಯುವಾಗ ಒಂದು ಕೈ ಜೇಬಿನಲ್ಲಿರಲಿ: ಎರಡೂ ಕೈ ತಗುಲಿದರೆ ವಿದ್ಯುತ್ತು ಎದೆಯ ಮೂಲಕ ಹಾಯುತ್ತದೆ.

ಮೊದಲು ಬದಲಿಸಬೇಕಾದುದು ತಂತಿ. ಅಂದಿನ ಪ್ಲಗ್ಗಿಗೆ ಎರಡೇ ಕಡ್ಡಿ, ಅರ್ಥಿಂಗ್ ಇಲ್ಲ. ಗೊರಗೊರ ಸದ್ದನ್ನು ತಗ್ಗಿಸಲೆಂದು ವಿದ್ಯುತ್ತಿನ ಒಂದು ತಂತಿಗೂ ಲೋಹದ ಚಾಸಿಗೂ ನಡುವೆ ಒಂದು ಸಣ್ಣ ಕೆಪ್ಯಾಸಿಟರನ್ನು ಸೇರಿಸುತ್ತಿದ್ದರು. ದುರಸ್ತಿಗಾರರು ಅದಕ್ಕೆ ಇಟ್ಟ ಹೆಸರು 'ಡೆತ್ ಕ್ಯಾಪ್'. ಅದು ಒಳಗೊಳಗೇ ಶಾರ್ಟ್ ಆದರೆ ಚಾಸಿಗೆ 120 ವೋಲ್ಟು ಬರಬಹುದು. ಚಾಸಿಯಿಂದ ಗಿಟಾರಿನ ತಂತಿಗೆ, ತಂತಿಯಿಂದ ಬೆರಳಿಗೆ. ವಾದಕನ ತುಟಿ ಆಗ ಮೈಕಿಗೆ ತಗುಲಿದರೆ ಮುಗಿಯಿತು. ಅರ್ಥಿಂಗ್ ದೋಷ ಎಷ್ಟು ಕ್ರೂರವೆಂಬುದಕ್ಕೆ 1972ರಲ್ಲಿ ವೇಲ್ಸಿನ ಸ್ವಾನ್‌ಸಿಯಲ್ಲಿ ವೇದಿಕೆಯ ಮೇಲೆಯೇ ಮೈಕ್ ಮುಟ್ಟಿ ಅಸುನೀಗಿದ ಗಿಟಾರ್ ವಾದಕ ಲೆಸ್ ಹಾರ್ವಿಯ ಸಾವು ಸಾಕ್ಷಿ. ಆದ್ದರಿಂದ ಆ ಕೆಪ್ಯಾಸಿಟರನ್ನು ಕಿತ್ತು, ಮೂರು ಕಡ್ಡಿಯ ಪ್ಲಗ್ ಹಾಕಿ, ಹಸಿರು ತಂತಿಯನ್ನು ಚಾಸಿಗೆ ಬಿಗಿಯಬೇಕು. ಹಳೆಯದರ ಅಂದ ಕೆಡುತ್ತದೆಂದು ವಾದಿಸುವ ಸಂಗ್ರಾಹಕರಿದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ.

ಎರಡನೆಯದು ಫಿಲ್ಟರ್ ಕೆಪ್ಯಾಸಿಟರುಗಳು. ಒಳಗಿನ ದ್ರವ ಕಾಲಕ್ರಮದಲ್ಲಿ ಒಣಗುತ್ತದೆ. ಬಳಸದೆ ಇಟ್ಟಲ್ಲಿ ಅಲ್ಯೂಮಿನಿಯಂ ಹಾಳೆಯ ಮೇಲಿನ ಆಕ್ಸೈಡ್ ಪದರ ಶಿಥಿಲವಾಗುತ್ತದೆ. ಹಠಾತ್ತನೆ ಪೂರ್ಣ ವೋಲ್ಟೇಜ್ ಕೊಟ್ಟರೆ ಅವು ಶಾರ್ಟ್ ಆಗಿ, ಬೆಲೆಬಾಳುವ ಪವರ್ ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಎಲ್ಲವನ್ನೂ ಹೊಸತಾಗಿಸಿ, ಧ್ರುವಗಳನ್ನು ಎರಡು ಬಾರಿ ನೋಡಿ ಬೆಸೆಯಿರಿ.

ಉಳಿದುದನ್ನು ಬಿಡಿ. ಉತ್ಸಾಹಿಗಳು ಇಲ್ಲೇ ಎಡವುವುದು. ಇಕ್ಕುಳ ಕೈಯಲ್ಲಿದೆಯೆಂದು ನೀಲಿ ಬಣ್ಣದ ಸಿಗ್ನಲ್ ಕೆಪ್ಯಾಸಿಟರುಗಳನ್ನೂ ಮೂಲ ಸ್ಪೀಕರನ್ನೂ ಕೀಳುತ್ತಾರೆ. ಸೋರಿಕೆ ಇದೆಯೆ ಎಂದು ಅಳೆಯಿರಿ, ಇಲ್ಲದಿದ್ದರೆ ಮುಟ್ಟಬೇಡಿ. ಈ ಪೆಟ್ಟಿಗೆಯ ನಾದವಿರುವುದು ಅವುಗಳಲ್ಲಿ. ಮಾಸಿದ ಹೊರಹೊದಿಕೆಗೆ ಒದ್ದೆ ಬಟ್ಟೆ ಸಾಕು.

ಮೊದಲ ಬಾರಿ ಹಚ್ಚುವಾಗ 100 ವಾಟಿನ ಹಳೆಯ ಬಗೆಯ ತಂತುವಿನ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿಕೊಳ್ಳಿ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಸರಿ. ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆರಿಸಿ. ಇನ್ನೊಂದು ಮಾತು: ಸ್ಪೀಕರ್ ಜೋಡಿಸದೆ ಎಂದೂ ನುಡಿಸಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹಾಳಾದೀತು.

ಈಗ ಆಸಕ್ತರು ಮೇಜಿನ ಬಳಿ ಬಂದು ಒಳಭಾಗವನ್ನು ನೋಡಬಹುದು. ಕೆಪ್ಯಾಸಿಟರುಗಳನ್ನು ಬರಿದು ಮಾಡಿಯೇ ತಂದಿದ್ದೇನೆ. ಆದರೂ ನೀವು ಕೈಯಿಡುವ ಮುನ್ನ ಮತ್ತೊಮ್ಮೆ ಮೀಟರು ಹಿಡಿದು ತೋರಿಸುತ್ತೇನೆ.