ಮಂಗಳೂರಿನಲ್ಲಿ ಒಂದು ದಿನ

ಮಂಗಳೂರಿಗೆ ಹೋದವರು ಸಾಮಾನ್ಯವಾಗಿ ಮಾಡುವುದೇನು? ಕಡಲಿನಲ್ಲಿ ಕಾಲು ತೋಯಿಸಿ, ಗೋಡಂಬಿಯ ಪೊಟ್ಟಣ ಕಟ್ಟಿಸಿಕೊಂಡು, ಧರ್ಮಸ್ಥಳದ ಬಸ್ಸು ಹತ್ತುವುದು. ಇದು ತಪ್ಪೆಂದು ನಾನು ಹೇಳಲಾರೆ. ಆದರೆ ಕನ್ನಡಿಗರಿಗೆ ಆ ಊರಿನಲ್ಲಿ ಇನ್ನೊಂದು ಕೆಲಸವುಂಟು, ಅದು ಋಣಸ್ಮರಣೆ.

ಬೆಳಗ್ಗೆ ಮೊದಲು ಕದ್ರಿಗೆ ಹೋಗಿರಿ. ಅಲ್ಲಿ ಮಂಜುನಾಥನ ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಆಳುಪರ ಅರಸು ಕುಂದವರ್ಮನು ಪ್ರತಿಷ್ಠಾಪಿಸಿದುದು ಕ್ರಿ.ಶ. 968ರಲ್ಲಿ. ಬೌದ್ಧರ ಅವಲೋಕಿತೇಶ್ವರನೆಂದು ಅನೇಕ ವಿದ್ವಾಂಸರು ಗುರುತಿಸಿರುವ ಮೂರ್ತಿಯು ಶಿವಾಲಯದಲ್ಲಿ ನೆಲೆನಿಂತಿರುವುದನ್ನು ಮಕ್ಕಳಿಗೆ ತೋರಿಸಿರಿ.

ಅಲ್ಲಿಂದ ಬಲ್ಮಠದ ಗುಡ್ಡ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಇಲ್ಲಿ ನೆಲೆಯೂರಿದರು. ಮತಪ್ರಚಾರಕ್ಕೆಂದು ಬಂದವರು ನಮ್ಮ ನುಡಿಯ ದುಡಿಮೆಗೂ ಕೈಹಚ್ಚಿದರು. ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರ ಸಮಾಚಾರ'ವನ್ನು ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದದ್ದು ಈ ಊರಿನಿಂದಲೇ. ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲಿಯೇ. ಇಂದು ಬೆಳಗಾದರೆ ಪತ್ರಿಕೆ ಬಿಡಿಸುವ ನಾವು, ಅದರ ತವರಿಗೆ ಹೋಗಿಯೂ ಅರ್ಧ ಗಂಟೆ ನಿಲ್ಲದೆ ಬಂದರೆ, ಮಕ್ಕಳಿಗೆ ಯಾವ ಬಾಯಿಂದ ಭಾಷಾಭಿಮಾನ ಹೇಳೋಣ?

ಮಧ್ಯಾಹ್ನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ. ಇಟಲಿಯ ಮೊಸ್ಕೇನಿ 1899ರಲ್ಲಿ ಆರಂಭಿಸಿ ಸುಮಾರು ಎರಡು ವರ್ಷ ಬರೆದ ಚಿತ್ರಗಳು ಅಲ್ಲಿನ ಗೋಡೆ, ಛಾವಣಿಗಳನ್ನೆಲ್ಲ ತುಂಬಿವೆ. ಕತ್ತೆತ್ತಿ ನೋಡಲು ವ್ಯವಧಾನವಿರಲಿ.

ಸಂಜೆಗೆ ಕಡಲು ಇದ್ದೇ ಇದೆ. ಮಳೆಗಾಲವಾದರೆ ದಡದಿಂದಲೇ ನೋಡಿರಿ, ನೀರಿಗಿಳಿಯಬೇಡಿರಿ. ಗೋಡಂಬಿಯನ್ನೂ ಮರೆಯಬೇಕಾಗಿಲ್ಲ. ಅದರ ಜೊತೆಗೆ ಒಂದು ಕನ್ನಡ ಪುಸ್ತಕವನ್ನೂ ಕೊಂಡು ತಂದರೆ ಪ್ರಯಾಣ ಸಾರ್ಥಕ.